ದವಾಖಾನೆಯೂ ರೋಗಿಯ ಗುಟ್ಟೂ

ವೈದ್ಯನ ಮುಂದೆಯೂ ವಕೀಲನ ಮುಂದೆಯೂ ಸುಳ್ಳಾಡಬಾರದೆಂಬ ಮಾತು ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿರುವುದು. ಆದರೆ ಹಾಗೆ ನಿಜವನ್ನಾಡಿದ ಮೇಲೆ ಆ ನಿಜವು ಎಲ್ಲೆಲ್ಲಿಗೆ ಹೋಗಿ ಯಾರ ಯಾರ ಬಾಯಲ್ಲಿ ಬರುವುದೆಂಬುದನ್ನು ನಮಗೆ ಬುದ್ಧಿ ಹೇಳಿದ ಹಿರಿಯರು ತಿಳಿಸಿದಂತೆ ಕಾಣೆವು. ವೈದ್ಯನ ಕಿವಿಗೆ ಬಿದ್ದದ್ದು ಅಲ್ಲಿಯೇ ಉಳಿಯುವುದೆಂಬ ನಂಬಿಕೆ ಅವರಿಗಿದ್ದಿರಬೇಕು. ವೈದ್ಯನೊಬ್ಬನೇ ಗಾದಿಯ ಮೇಲೆ ಕುಳಿತು, ನಾಡಿ ನೋಡಿ, ತಾನೇ ಗುಳಿಗೆಯನ್ನು ಕಟ್ಟಿಕೊಡುತ್ತಿದ್ದ ಕಾಲಕ್ಕೆ ಆ ನಂಬಿಕೆ ಸಲ್ಲುತ್ತಿತ್ತು. ಈಗಿನ ದವಾಖಾನೆಯ ಬಗೆಯೇ ಬೇರೆ. ಬಾಗಿಲಲ್ಲಿ ಚೀಟಿ ಬರೆಯುವವನು, ತೂಕ ನೋಡುವ ದಾದಿ, ರಕ್ತ ತೆಗೆಯುವ ಹುಡುಗ, ಮದ್ದಿನ ಅಂಗಡಿಯವನು, ಕಂಪ್ಯೂಟರಿನ ಮುಂದೆ ಕುಳಿತವನು, ವಿಮೆಯ ಕಂಪೆನಿಯ ಗುಮಾಸ್ತ ಹೀಗೆ ಏಳೆಂಟು ಜನರ ಕೈ ದಾಟದೆ ಒಂದು ಕೆಮ್ಮಿನ ಸಂಗತಿಯೂ ಮುಂದಕ್ಕೆ ಸಾಗದು. ಇವರಲ್ಲಿ ಒಬ್ಬನ ನಾಲಗೆ ಸಡಿಲವಾದರೂ ಸಾಕು, ವೈದ್ಯನು ಎಷ್ಟು ಗಂಭೀರನಾಗಿದ್ದೂ ಫಲವಿಲ್ಲ.

ನಮಗೆ ಬಲು ಹತ್ತಿರದ ಮನೆಯೊಂದರಲ್ಲಿ ಕೆಲವು ವರ್ಷಗಳ ಹಿಂದೆ ನಡೆದುದನ್ನು ಮೊದಲು ಹೇಳುವೆವು. ಆ ಮನೆಯ ಮಗಳು ಶಾಲೆಯಲ್ಲಿ ಉಪಾಧ್ಯಾಯಿನಿ. ಮೂರು ವಾರ ಬಿಡದೆ ಬಂದ ಕೆಮ್ಮಿಗೆಂದು ತಾಲ್ಲೂಕಿನ ಊರಿನ ಒಂದು ದವಾಖಾನೆಗೆ ಹೋದಳು. ಕಫವನ್ನು ಪರೀಕ್ಷಿಸಿ ಕ್ಷಯವೆಂದು ಗೊತ್ತುಮಾಡಿದರು. ಇದು ನಮ್ಮ ಅಜ್ಜಂದಿರು ಕಂಡ ಕ್ಷಯವಲ್ಲ. ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ಮಾತ್ರೆಗಳನ್ನು ನುಂಗಿದರೆ ಗುಣವಾಗುವ ರೋಗ. ಸರಿಯಾದ ಚಿಕಿತ್ಸೆ ಮೊದಲಾದ ಕೆಲವು ವಾರಗಳಲ್ಲಿಯೇ ಇತರರಿಗೆ ಅಂಟುವ ಭಯವೂ ಬಹಳ ಮಟ್ಟಿಗೆ ತಗ್ಗುವುದು. ವೈದ್ಯರು ಇದನ್ನೆಲ್ಲ ಸಾವಧಾನವಾಗಿ ತಿಳಿಸಿದರು. ಹುಡುಗಿಯೂ ಧೈರ್ಯದಿಂದಲೇ ಮನೆಗೆ ಬಂದಳು.

ಎರಡನೆಯ ತಿಂಗಳಿನಲ್ಲಿ ಒಂದು ದಿನ ಅವಳು ಮಾತ್ರೆಗೆಂದು ಹೋಗಿ ಬೆಂಚಿನ ಮೇಲೆ ಕುಳಿತಿರುವಾಗ, ಒಳಗಿನಿಂದ ಕೆಲಸದವನೊಬ್ಬನು ತಲೆಯನ್ನು ಹೊರಚಾಚಿ, "ಟೀಬಿ ಮಾತ್ರೆಯವರು ಯಾರಮ್ಮಾ? ಟೀಚರಮ್ಮನವರಲ್ಲವೆ? ಬನ್ನಿ, ಬನ್ನಿ!" ಎಂದು ಕೂಗಿದನು. ಅವನಲ್ಲಿ ಕೆಡುಕಿನ ಭಾವವೇನೂ ಇರಲಿಲ್ಲವೆಂದು ನಾವು ಪ್ರಮಾಣವಾಗಿ ಹೇಳಬಲ್ಲೆವು. ಹೆಸರು ಮರೆತಿತ್ತು, ಕೂಗಿದನು, ಅಷ್ಟೆ. ಬೆಂಚಿನ ಮೇಲೆ ಹತ್ತು ಜನರಿದ್ದರು. ಅವರಲ್ಲೊಬ್ಬರಿಗೆ, ಆ ಹುಡುಗಿಯನ್ನು ತಂದುಕೊಳ್ಳಬೇಕೆಂದು ಮಾತು ನಡೆಸಿದ್ದ ಮನೆಯವರ ಪರಿಚಯವಿತ್ತು. ಎಂಟು ದಿನಗಳೊಳಗೆ ಆ ಕಡೆಯಿಂದ ಜಾತಕ ಕೂಡಿಬರಲಿಲ್ಲವೆಂದು ಹೇಳಿಕಳುಹಿಸಿದರು. ಜಾತಕವೋ ಮೂರು ತಿಂಗಳ ಹಿಂದೆಯೇ ಕೂಡಿಬಂದಾಗಿತ್ತು.

ಸಂಬಂಧ ತಪ್ಪಿದುದೇ ದೊಡ್ಡ ನಷ್ಟವೆಂದು ನಮ್ಮ ವಾಚಕರು ತಿಳಿಯಬಾರದು. ಮುಂದೆ ನಡೆದುದೇ ಹೆಚ್ಚಿನ ಅನರ್ಥ. ಹುಡುಗಿಯು ಆ ದವಾಖಾನೆಯ ಕಡೆಗೆ ಮತ್ತೆ ತಲೆಹಾಕಲಿಲ್ಲ. ಗುರುತು ಪರಿಚಯವಿಲ್ಲದ ಬೇರೆ ಊರಿಗೆ ಬಸ್ಸಿನಲ್ಲಿ ಹೋಗಿ ಮಾತ್ರೆ ತರುವೆನೆಂದು ಹೊರಟಳು. ಶಾಲೆಗೆ ರಜೆ ಸಿಕ್ಕದ ವಾರ ಮಾತ್ರೆಯೂ ಇಲ್ಲ. ಕ್ಷಯದ ಚಿಕಿತ್ಸೆಯಲ್ಲಿ ನಡುವೆ ಬಿಡುವುದಕ್ಕಿಂತ ಕೆಟ್ಟದ್ದಿಲ್ಲ. ಅರ್ಧ ಸತ್ತ ಕ್ರಿಮಿಗಳು ಮದ್ದಿಗೆ ಬಗ್ಗದಂತೆ ಬಲಿಯುವುವು. ದೈವವಶಾತ್ ಅವಳಿಗೆ ಅಷ್ಟಾಗಲಿಲ್ಲ. ಆದರೆ ಆರು ತಿಂಗಳಿಗೆ ಮುಗಿಯಬೇಕಾದುದು ಮುಗಿಯದೆ ಬೆಳೆಯಿತು. ಗುಟ್ಟು ಬಯಲಾದುದರಿಂದ ಕೆಟ್ಟದ್ದು ಮಾನ ಮಾತ್ರವಲ್ಲ, ಮೈಯೂ ಕೂಡ.

ಇನ್ನೊಂದನ್ನೂ ಮರೆಮಾಡದೆ ಹೇಳಿಬಿಡುವೆವು. ಆ ಸುದ್ದಿ ನಮ್ಮ ಮನೆಗೂ ಬಂದಿತ್ತು. ತಂದವರನ್ನು ನಾವು ಕುಳ್ಳಿರಿಸಿ ಕಾಫಿ ಕೊಟ್ಟು, "ಅಯ್ಯೋ ಪಾಪ, ಹೌದೇನು?" ಎಂದು ಕೊನೆಯವರೆಗೂ ಕೇಳಿದೆವು.

ರೋಗಿಯ ಮನೆಯ ಸಂಗತಿ ಹೊರಗೆ ಹೋಗಬಾರದೆಂಬ ನಿಯಮವು ಪಾಶ್ಚಾತ್ಯರಿಂದ ನಾವು ಕಲಿತುದೆಂದು ಕೆಲವರು ಭಾವಿಸಿರುವರು. ಹಿಪೊಕ್ರೇಟಿಸನ ಹೆಸರಿನಲ್ಲಿ ನಡೆದುಬಂದಿರುವ ಗ್ರೀಕರ ಪ್ರತಿಜ್ಞೆಯಲ್ಲಿ ಅದು ಇರುವುದು ನಿಜ. ಆದರೆ ನಮ್ಮ ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯವನ್ನು ತೆರೆದು ನೋಡಿದರೆ, ಗುರುವು ಶಿಷ್ಯನಿಗೆ ಅಗ್ನಿಸಾಕ್ಷಿಯಾಗಿ ಮಾಡುವ ಉಪದೇಶದಲ್ಲಿ ಇದೇ ಮಾತು ಬರುವುದು. ವೈದ್ಯನು ರೋಗಿಯ ಮನೆಯನ್ನು ಪ್ರವೇಶಿಸುವಾಗ ಆ ಮನೆಯವರಿಗೆ ಪರಿಚಿತನಾದ, ಒಳಹೋಗಲು ಅಪ್ಪಣೆಯುಳ್ಳ ಒಬ್ಬನೊಡನೆ ಹೋಗಬೇಕು. ಮೈತುಂಬ ಬಟ್ಟೆಯುಟ್ಟು, ತಲೆ ತಗ್ಗಿಸಿ, ಮನಸ್ಸನ್ನು ರೋಗಿಯ ಹಿತವೊಂದರಲ್ಲಿಯೇ ನಿಲ್ಲಿಸಿ ನಡೆಯಬೇಕು. ಆ ಮನೆಯ ನಡೆವಳಿಕೆಯನ್ನು ಹೊರಗೆ ಆಡಬಾರದು. ಅದೇ ಉಪದೇಶದಲ್ಲಿ, ಗಂಡನೋ ಮನೆಯ ಯಜಮಾನನೋ ಹತ್ತಿರವಿಲ್ಲದ ಹೆಂಗಸರಿಗೆ ಮದ್ದು ಕೊಡಬಾರದೆಂಬ ಮಾತೂ ಉಂಟು. ಅದನ್ನು ಈ ಕಾಲದಲ್ಲಿ ನಾವು ಒಪ್ಪಲಾರೆವು. ಹಳೆಯದರಲ್ಲಿ ಎಲ್ಲವೂ ಹೊನ್ನೆನ್ನುವ ಹಟ ನಮಗಿಲ್ಲ. ಆದರೆ ತಲೆ ತಗ್ಗಿಸಿ ಒಳಗೆ ಹೋಗಿ, ಬಾಯಿ ಮುಚ್ಚಿ ಹೊರಗೆ ಬರಬೇಕೆಂಬ ಭಾಗವನ್ನು ದವಾಖಾನೆಯ ಬಾಗಿಲ ಮೇಲೆ ಬರೆಯಿಸಿದರೂ ತಪ್ಪಿಲ್ಲ.

ಕ್ಷಯದ ಮಾತು ಬಂದುದರಿಂದ ಒಂದು ಚರಿತ್ರೆಯ ಸಂಗತಿ ನೆನಪಾಗುವುದು. ದೇಶವು ಇಬ್ಭಾಗವಾಗುವುದಕ್ಕೆ ಮುಂಚೆ ಜಿನ್ನಾ ಅವರ ಶ್ವಾಸಕೋಶಗಳನ್ನು ಕ್ಷಯವು ತಿಂದುಹಾಕಿತ್ತೆಂದೂ, ಅದನ್ನು ತೋರಿಸುವ ಎಕ್ಸರೇ ಚಿತ್ರವು ಮುಂಬಯಿಯ ಡಾಕ್ಟರ್ ಪಟೇಲರ ಬಳಿ ಮೊಹರು ಮಾಡಿದ ಲಕೋಟೆಯಲ್ಲಿ ಇದ್ದಿತೆಂದೂ, ಅವರು ಅದನ್ನು ಯಾರಿಗೂ ತಿಳಿಸಲಿಲ್ಲವೆಂದೂ ಲಾಪಿಯೆರ್ ಮತ್ತು ಕಾಲಿನ್ಸ್ ಎಂಬಿಬ್ಬರು ೧೯೭೫ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಬರೆದಿರುವರು. ಜಿನ್ನಾ ಅವರು ೧೯೪೮ನೆಯ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಗುಟ್ಟು ಮೊದಲೇ ಹೊರಬಿದ್ದಿದ್ದರೆ ಏನಾಗುತ್ತಿತ್ತೆಂದು ಪಂಡಿತರು ಈಗಲೂ ವಾದಿಸುವರು. ನಾವು ಆ ವಾದಕ್ಕೆ ಹೋಗುವುದಿಲ್ಲ. ಅಷ್ಟು ದೊಡ್ಡವರ ಅಷ್ಟು ದೊಡ್ಡ ಗುಟ್ಟು ಒಂದು ಲಕೋಟೆಯಲ್ಲಿ ಉಳಿಯಬಹುದಾದರೆ, ಶಾಲೆಯ ಉಪಾಧ್ಯಾಯಿನಿಯೊಬ್ಬಳ ಗುಟ್ಟು ಒಂದು ಬೆಂಚಿನ ಎದುರಿಗೆ ಉಳಿಯಬಾರದೇಕೆ?

ಈಗಿನ ಕಾಯಿದೆಯು ಈ ವಿಷಯದಲ್ಲಿ ಮೌನವಾಗಿಲ್ಲ. ಭಾರತೀಯ ವೈದ್ಯಕೀಯ ಪರಿಷತ್ತು ೨೦೦೨ರಲ್ಲಿ ಹೊರಡಿಸಿದ ನಡತೆಯ ನಿಯಮಗಳಂತೆ, ವೈದ್ಯನು ತನ್ನ ವೃತ್ತಿಯಲ್ಲಿ ತಿಳಿದ ರೋಗಿಯ ರಹಸ್ಯಗಳನ್ನು ಹೊರಗೆಡಹಬಾರದು. ನ್ಯಾಯಾಧೀಶರು ನ್ಯಾಯಾಲಯದಲ್ಲಿ ಅಪ್ಪಣೆಮಾಡಿದರೆ, ಗೊತ್ತಾದ ಒಬ್ಬ ವ್ಯಕ್ತಿಗಾಗಲಿ ಜನಸಮುದಾಯಕ್ಕಾಗಲಿ ಗುರುತರವಾದ ಅಪಾಯವಿದ್ದರೆ, ಸರಕಾರಕ್ಕೆ ತಿಳಿಸಲೇಬೇಕಾದ ರೋಗವಾಗಿದ್ದರೆ ಮಾತ್ರ ಹೇಳಬಹುದು. ಕ್ಷಯವು ೨೦೧೨ರಿಂದ ಹೀಗೆ ತಿಳಿಸಲೇಬೇಕಾದ ರೋಗ. ತಿಳಿಸುವುದೆಂದರೆ ಆರೋಗ್ಯ ಇಲಾಖೆಯ ಅಧಿಕಾರಿಗೆ ತಿಳಿಸುವುದು, ಬೆಂಚಿಗೆ ತಿಳಿಸುವುದಲ್ಲ. ಆಸ್ಪತ್ರೆಯಲ್ಲಿ ಮಲಗಿ ಚಿಕಿತ್ಸೆ ಪಡೆದವರ ದಾಖಲೆಯನ್ನು ಚಿಕಿತ್ಸೆ ಮೊದಲಾದ ದಿನದಿಂದ ೩ ವರ್ಷಗಳ ಕಾಲ ಇಟ್ಟಿರಬೇಕೆಂದೂ, ರೋಗಿಯೋ ಅವನು ಒಪ್ಪಿಗೆಯಿತ್ತವರೋ ಕೇಳಿದರೆ ೭೨ ಗಂಟೆಗಳೊಳಗೆ ಕೊಡಬೇಕೆಂದೂ ಅದೇ ನಿಯಮಗಳು ಹೇಳುವುವು. ಇದನ್ನು ನಮ್ಮ ಮನೆಗಳಲ್ಲಿ ಬಹಳ ಮಂದಿ ಅರಿಯರು. ನಮ್ಮ ಕಾಗದವನ್ನು ನಾವೇ ಕೇಳುವುದಕ್ಕೆ ಅಂಜುವೆವು. ಅದೇ ಕಾಗದವನ್ನು ಊರವರು ಓದಿದರೆ ಸುಮ್ಮನಿರುವೆವು.

ಮನುಷ್ಯನ ಖಾಸಗಿತನವು ಅವನ ಮೂಲಭೂತ ಹಕ್ಕುಗಳಲ್ಲಿ ಸೇರಿದುದೆಂದು ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಮೂರ್ತಿಗಳು ೨೦೧೭ನೆಯ ಆಗಸ್ಟ್ ೨೪ರಂದು ಏಕಮತದಿಂದ ತೀರ್ಪು ಕೊಟ್ಟರು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕದ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದು ನಿವೃತ್ತರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ನಮಗೆ ಹೆಮ್ಮೆಯ ವಿಷಯ.

ಆದರೆ ಗುಟ್ಟಿಗೂ ಒಂದು ಮೇರೆಯುಂಟು. ಅದನ್ನು ಗೊತ್ತುಮಾಡುವುದು ಸುಲಭವಲ್ಲವೆಂಬುದಕ್ಕೆ ಎಚ್.ಐ.ವಿ. ಸೋಂಕಿನ ವಿಚಾರವೇ ಸಾಕ್ಷಿ. ರಕ್ತ ಕೊಡಲು ಹೋಗಿದ್ದ ಒಬ್ಬರಲ್ಲಿ ಈ ಸೋಂಕು ಕಂಡುಬಂದು, ಆ ಸಂಗತಿ ಆಸ್ಪತ್ರೆಯಿಂದ ಹೊರಬಿದ್ದು, ಗೊತ್ತಾಗಿದ್ದ ಮದುವೆ ನಿಂತುಹೋಯಿತು. ಅವರು ನ್ಯಾಯಾಲಯಕ್ಕೆ ಹೋದರು. ವಧುವಾಗತಕ್ಕವಳ ಪ್ರಾಣರಕ್ಷಣೆಯ ಹಕ್ಕು ಇವರ ಗುಟ್ಟಿಗಿಂತ ದೊಡ್ಡದೆಂದು ಸುಪ್ರೀಂ ಕೋರ್ಟು ೧೯೯೮ರಲ್ಲಿ ಹೇಳಿತು. ಇಂಥವರಿಗೆ ಮದುವೆಯ ಹಕ್ಕೇ ತಡೆಯಲ್ಪಟ್ಟಿರುವುದೆಂಬಂತೆ ಆಗ ಆಡಿದ ಮಾತು ಆ ಮೊಕದ್ದಮೆಗೆ ಅವಶ್ಯವಾಗಿರಲಿಲ್ಲವೆಂದು ೨೦೦೨ರಲ್ಲಿ ಆ ಕೋರ್ಟೇ ಒಪ್ಪಿತು. ಕಡೆಗೆ ೨೦೧೭ರಲ್ಲಿ ಪ್ರತ್ಯೇಕ ಕಾಯಿದೆಯೇ ಆಯಿತು. ಅದರಂತೆ, ಸೋಂಕುಳ್ಳವರ ಒಪ್ಪಿಗೆಯಿಲ್ಲದೆ ಆ ಸಂಗತಿಯನ್ನು ಯಾರೂ ಹೊರಗೆಡಹಕೂಡದು. ಗಂಡನಿಗೋ ಹೆಂಡತಿಗೋ ಅಪಾಯವಿದೆಯೆಂದು ವೈದ್ಯನಿಗೆ ತೋರಿದರೆ, ನೀವೇ ತಿಳಿಸಿರೆಂದು ಮೊದಲು ರೋಗಿಗೆ ಬುದ್ಧಿ ಹೇಳಬೇಕು. ಅವರು ತಿಳಿಸಲಾರರೆಂದು ಮನವರಿಕೆಯಾದರೆ, ನಾನು ತಿಳಿಸುವೆನೆಂದು ಅವರಿಗೇ ಮುಂಚಿತವಾಗಿ ಹೇಳಿ, ಆ ಮೇಲೆ ಎದುರಿಗೆ ಕುಳ್ಳಿರಿಸಿಕೊಂಡು ಸಮಾಧಾನದಿಂದ ತಿಳಿಸಬೇಕು. ತಿಳಿಸಿದರೆ ಹೊಡೆತ ಬಡಿತಗಳಿಗೆ ಸಿಕ್ಕಿ ಮನೆಯಿಂದ ಹೊರದೂಡಲ್ಪಡುವಳೆಂಬ ಭಯವಿರುವ ಹೆಣ್ಣಿನ ವಿಷಯದಲ್ಲಿ ಮೌನಕ್ಕೂ ಅದರಲ್ಲಿ ಎಡೆಯಿಟ್ಟಿದ್ದಾರೆ. ಇದನ್ನು ಓದಿದಾಗ, ಕಾಯಿದೆಯನ್ನು ಬರೆದವರಲ್ಲಿ ಯಾರೋ ಒಬ್ಬರು ನಮ್ಮ ಮನೆಗಳ ಒಳಗನ್ನು ಕಂಡವರಾಗಿರಬೇಕೆಂದು ನಮಗೆ ತೋರಿತು.

ಹೆಂಗಸರ ವಿಷಯವನ್ನು ಇನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಹೆಂಗಸಿನ ಕಾಯಿಲೆಯ ಕಾಗದವು ಆಕೆಯ ಕೈಗೆ ಬರುವುದಕ್ಕೆ ಮುಂಚೆ ಗಂಡನ ಕೈಗೂ, ಗಂಡನ ಕೈಯಿಂದ ಅತ್ತೆಯ ಕೈಗೂ ಹೋಗುವುದು ವಾಡಿಕೆ. ಪ್ರೀತಿಯಿಂದಲೇ ಹೋಗುವುದೆಂದು ಇಟ್ಟುಕೊಳ್ಳೋಣ. ಆದರೆ ಬಸುರಿನ ವಿಷಯದಲ್ಲಿ ಕಾಯಿದೆಯ ಎಣಿಕೆ ಬೇರೆ. ವೈದ್ಯಕೀಯ ಗರ್ಭಪಾತಕ್ಕೆ ಸಂಬಂಧಿಸಿದ ೧೯೭೧ರ ಕಾಯಿದೆಯಲ್ಲಿ ವಯಸ್ಸಿಗೆ ಬಂದ ಹೆಣ್ಣಿನ ಒಪ್ಪಿಗೆಯೊಂದೇ ಸಾಕು. ಗಂಡನ ರುಜು ಬೇಕೆಂದು ಅದರಲ್ಲಿ ಎಲ್ಲಿಯೂ ಇಲ್ಲ. ಅಂಥ ಚಿಕಿತ್ಸೆಯ ದಾಖಲೆಯನ್ನು ಇಡುವ ಕ್ರಮವನ್ನು ೨೦೦೩ರ ನಿಬಂಧನೆಗಳು ಎಷ್ಟು ಬಿಗಿಯಾಗಿ ಗೊತ್ತುಮಾಡಿರುವುವೆಂದರೆ, ಓದಿದರೆ ಆಶ್ಚರ್ಯವಾಗುವುದು. ಆಕೆಯ ಹೆಸರು ಒಂದೇ ಒಂದು ಪುಸ್ತಕದಲ್ಲಿ, ದಾಖಲಾತಿಯ ರಿಜಿಸ್ಟರಿನಲ್ಲಿ, ಇರತಕ್ಕದ್ದು. ಅಲ್ಲಿ ಆಕೆಗೆ ಒಂದು ಕ್ರಮಸಂಖ್ಯೆ. ಅದರ ಮುಂದೆ ವರ್ಷ. ಹೊಸ ವರ್ಷ ಹುಟ್ಟಿದರೆ ಸಂಖ್ಯೆ ಮತ್ತೆ ಒಂದರಿಂದ ಮೊದಲು. ಚಿಕಿತ್ಸೆಯ ಹಾಳೆ, ಶಸ್ತ್ರಕ್ರಿಯೆಯ ಕೋಣೆಯ ಪುಸ್ತಕ, ಮರುಭೇಟಿಯ ಚೀಟಿ ಇವುಗಳಲ್ಲೆಲ್ಲ ಆ ಸಂಖ್ಯೆಯೇ ಹೊರತು ಹೆಸರಿಲ್ಲ. ಒಪ್ಪಿಗೆಯ ಪತ್ರವನ್ನೂ ವೈದ್ಯರ ಅಭಿಪ್ರಾಯವನ್ನೂ ಲಕೋಟೆಯಲ್ಲಿಟ್ಟು, ಮೊಹರು ಮಾಡಿ, ಮೇಲೆ 'ರಹಸ್ಯ' ಎಂದು ಬರೆದು, ಆಸ್ಪತ್ರೆಯ ಮುಖ್ಯಸ್ಥರ ವಶದಲ್ಲಿ ಭದ್ರವಾಗಿಡಬೇಕು. ರಿಜಿಸ್ಟರೇ ರಹಸ್ಯ ಪತ್ರ. ಅದನ್ನು ಆ ವರ್ಷ ಮುಗಿದ ಮೇಲೆ ೫ ವರ್ಷ ಕಾಪಾಡಬೇಕು. ೨೦೨೧ರ ತಿದ್ದುಪಡಿಯಿಂದ, ಕಾಯಿದೆಯು ಅಧಿಕಾರ ಕೊಟ್ಟವರಿಗಲ್ಲದೆ ಬೇರೆಯವರಿಗೆ ಆಕೆಯ ಹೆಸರನ್ನು ತಿಳಿಸಿದ ವೈದ್ಯನಿಗೆ ಒಂದು ವರ್ಷದವರೆಗೆ ಸೆರೆಯನ್ನೋ ಜುಲ್ಮಾನೆಯನ್ನೋ ಎರಡನ್ನೂ ಸೇರಿಸಿಯೋ ವಿಧಿಸಬಹುದು. ಇನ್ನೂ ವಯಸ್ಸಿಗೆ ಬಾರದ ಹುಡುಗಿಯ ಸಂಗತಿಯನ್ನು ಪೋಲೀಸರಿಗೆ ತಿಳಿಸಲೇಬೇಕಾದಲ್ಲಿಯೂ, ಆಕೆಯೂ ಪೋಷಕರೂ ಕೇಳಿಕೊಂಡರೆ ಹೆಸರು ಗುರುತುಗಳನ್ನು ವೈದ್ಯನು ಬಿಡಬಹುದೆಂದು ಸುಪ್ರೀಂ ಕೋರ್ಟು ೨೦೨೨ನೆಯ ಸೆಪ್ಟೆಂಬರಿನಲ್ಲಿ ಹೇಳಿರುವುದು. ಇಷ್ಟೆಲ್ಲ ಏತಕ್ಕೆ? ಗುಟ್ಟು ಉಳಿಯುವುದೆಂಬ ಭರವಸೆಯಿಲ್ಲದ ಹೆಣ್ಣು ಆಸ್ಪತ್ರೆಗೆ ಹೋಗಳು. ಹಿತ್ತಲ ಬಾಗಿಲಿನ ಮದ್ದಿಗೆ ಹೋಗುವಳು. ಅದರ ಫಲವೇನೆಂಬುದನ್ನು ನಮ್ಮ ಸೋದರಿಯರಿಗೆ ಬಿಡಿಸಿ ಹೇಳಬೇಕಾದುದಿಲ್ಲ.

ಈ ಒಂದು ಚಿಕಿತ್ಸೆಗೆ ಸಾಧ್ಯವಾದ ಕ್ರಮವು ಕೆಮ್ಮಿಗೂ ಸಕ್ಕರೆ ಕಾಯಿಲೆಗೂ ಮನಸ್ಸಿನ ರೋಗಕ್ಕೂ ಏಕೆ ಸಾಧ್ಯವಾಗಬಾರದು? ನಾವು ಕಂಡ ಒಂದು ಚಿಕ್ಕ ಊರಿನ ವೃದ್ಧ ವೈದ್ಯರೊಬ್ಬರು ಇದನ್ನು ಕಾಸು ಖರ್ಚಿಲ್ಲದೆ ಮಾಡಿದ್ದರು. ಬಾಗಿಲಲ್ಲಿ ಹಿತ್ತಾಳೆಯ ಬಿಲ್ಲೆ. ಅದರ ಮೇಲೆ ಸಂಖ್ಯೆ. ಕೂಗುವವನು ಸಂಖ್ಯೆಯನ್ನೇ ಕೂಗುವನು. ಕಾಯುವ ಬೆಂಚು ಮೊದಲು ವೈದ್ಯರ ಮೇಜಿಗೆ ತಗುಲಿಕೊಂಡಂತಿತ್ತಂತೆ. ಅದನ್ನು ಜಗಲಿಗೆ ಸಾಗಿಸಿದರು. ನಡುವೆ ಒಂದು ದಪ್ಪ ಪರದೆ. ರಿಜಿಸ್ಟರನ್ನು ಯಾವಾಗಲೂ ಮಗುಚಿ ಇಡುವರು, ರಾತ್ರಿ ಬೀರುವಿನಲ್ಲಿ ಬೀಗ. ಪರೀಕ್ಷೆಯ ವರದಿಯನ್ನು ಅಂಟಿಸಿದ ಲಕೋಟೆಯಲ್ಲಿ ರೋಗಿಯ ಕೈಗೇ ಕೊಡುವರು. ಪಕ್ಕದ ಮನೆಯವರು ಬಂದು, "ಅವರದನ್ನೂ ಕೊಟ್ಟುಬಿಡಿ ಸ್ವಾಮಿ, ದಾರಿಯಲ್ಲೇ ಹೋಗುತ್ತೇನೆ" ಎಂದರೆ, "ದಾರಿ ದೂರವಲ್ಲವಲ್ಲ, ಅವರೇ ಬರಲಿ" ಎನ್ನುವರು. ಇದರಿಂದ ಕೆಲವರಿಗೆ ಅವರ ಮೇಲೆ ಕೋಪ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿಗೆ ಮೊದಲ ದಿನ ಅವರು ಕಲಿಸುತ್ತಿದ್ದುದು ಸೂಜಿ ಹಿಡಿಯುವುದನ್ನಲ್ಲ. "ಸಂತೆಯಲ್ಲಿ ರೋಗಿ ಎದುರಾದರೆ, ಅವರು ಮಾತಾಡಿಸುವವರೆಗೆ ನೀನು ಮಾತಾಡಿಸಬೇಡ, ಮಗಳೇ, ಮಾತಾಡಿಸಿದರೂ ಹೇಗಿದೆಯೆಂದು ಕೇಳಬೇಡ" ಎನ್ನುತ್ತಿದ್ದರು.

ಹಳೆಯ ಕಾಗದಗಳ ವಿಷಯದಲ್ಲಿ ಮಾತ್ರ ನಮ್ಮವರ ಅಜಾಗರೂಕತೆ ಹೇಳತೀರದು. ಒಮ್ಮೆ ಬಸ್ಸಿನ ನಿಲ್ದಾಣದಲ್ಲಿ ನಾವು ಕೊಂಡ ಕಡಲೆಕಾಯಿಯ ಪೊಟ್ಟಣವನ್ನು ಬಿಚ್ಚಿದರೆ, ಒಳಗೆ ಒಬ್ಬ ಹೆಂಗಸಿನ ಹೆಸರು, ವಯಸ್ಸು, ಮೂತ್ರಪರೀಕ್ಷೆಯ ಫಲ! ಕಡಲೆಕಾಯಿಯವನಿಗೆ ಅದು ರದ್ದಿ. ರದ್ದಿಯವನಿಗೆ ಅದು ತೂಕದ ಮಾಲು. ಅದನ್ನು ತೂಕಕ್ಕೆ ಹಾಕಿದ ಲ್ಯಾಬೊರೇಟರಿಯವರಿಗೆ ಅದು ಏನಾಗಿತ್ತೆಂದು ನಾವು ಯೋಚಿಸುತ್ತ ಕುಳಿತೆವು. ಹರಿದು ಚೂರುಮಾಡಲು ಎಷ್ಟು ಹೊತ್ತು ಬೇಕು? ಅವಧಿ ಮುಗಿದ ದಾಖಲೆಯನ್ನು ಸುಡುವುದಕ್ಕೆ ಒಂದು ಕಡ್ಡಿ ಸಾಕು.

ಕಾಗದ ಹೋಗಿ ಕಂಪ್ಯೂಟರು ಬಂದರೆ ಈ ಚಿಂತೆ ತಪ್ಪುವುದೆಂದು ಕೆಲವರ ಎಣಿಕೆ. ಕಂಪ್ಯೂಟರು ಕಡಲೆಕಾಯಿಯ ಪೊಟ್ಟಣವಾಗದು, ನಿಜ. ಆದರೆ ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ೨೦೨೨ನೆಯ ನವೆಂಬರ್ ೨೩ರಂದು ಯಾರೋ ದೂರದಿಂದಲೇ ಒಳನುಗ್ಗಿ ಯಂತ್ರಗಳಿಗೆ ಬೀಗ ಜಡಿದಂತೆ ಮಾಡಿದುದರಿಂದ, ದೇಶದ ಅತಿ ದೊಡ್ಡ ಆಸ್ಪತ್ರೆಗಳಲ್ಲೊಂದು ಎರಡು ವಾರಗಳ ಹತ್ತಿರ ಮತ್ತೆ ಕಾಗದ ಲೇಖನಿಗಳನ್ನು ಹಿಡಿಯಬೇಕಾಯಿತು. ಪೊಟ್ಟಣದಲ್ಲಿ ಒಬ್ಬರ ಗುಟ್ಟು. ಯಂತ್ರದಲ್ಲಿ ಲಕ್ಷಾಂತರ ಮಂದಿಯ ಗುಟ್ಟು. ೨೦೨೧ರಿಂದ ಸರಕಾರವು ಕೊಡುತ್ತಿರುವ ೧೪ ಅಂಕಿಗಳ ಆರೋಗ್ಯದ ಸಂಖ್ಯೆಯನ್ನು ಪಡೆಯುವುದು ನಮ್ಮ ಇಷ್ಟಕ್ಕೆ ಬಿಟ್ಟುದು. ಅದರ ಮೂಲಕ ದಾಖಲೆಯನ್ನು ಬೇರೆ ವೈದ್ಯರಿಗೆ ತೋರಿಸುವುದಕ್ಕೂ ನಮ್ಮ ಒಪ್ಪಿಗೆ ಬೇಕು. ಹಾಗಿರುವಲ್ಲಿ, ಮೊಬೈಲಿಗೆ ಬಂದ ಗುಪ್ತಸಂಖ್ಯೆಯನ್ನು, "ಏನೋಪ್ಪಾ, ನೀನೇ ಒತ್ತು" ಎಂದು ಎದುರಿಗಿದ್ದವನ ಕೈಗೆ ಕೊಡುವ ನಮ್ಮ ಅಭ್ಯಾಸವನ್ನು ಏನೆನ್ನಬೇಕು? ಮನೆಯವರೆಲ್ಲರೂ ಇರುವ ವಾಟ್ಸಾಪ್ ಗುಂಪಿಗೆ ಅತ್ತೆಯವರ ಸ್ಕ್ಯಾನಿಂಗ್ ವರದಿಯ ಚಿತ್ರವನ್ನು ಕಳುಹಿಸಿ, "ಯಾರಿಗಾದರೂ ಅರ್ಥವಾಗುವುದೋ ನೋಡಿ" ಎನ್ನುವವರು ನಮ್ಮ ನಡುವೆಯೇ ಇರುವರು. ಅತ್ತೆಯವರನ್ನು ಕೇಳಿ ಕಳುಹಿಸಿದವರನ್ನು ನಾವಿನ್ನೂ ಕಾಣಬೇಕಾಗಿದೆ.

ಸರಕಾರವೇ ಗಾಬರಿಬಿದ್ದಾಗ ಏನಾಗುವುದೆಂಬುದನ್ನೂ ನಾವು ಕಂಡಿರುವೆವು. ೨೦೨೦ನೆಯ ಮಾರ್ಚಿಯಲ್ಲಿ ಕೋವಿಡ್ ಬಂದ ಹೊಸತರಲ್ಲಿ, ಮನೆಯಲ್ಲಿ ಪ್ರತ್ಯೇಕವಾಗಿರಬೇಕಾದವರ ವಿಳಾಸಗಳ ಪಟ್ಟಿಯನ್ನು ನಮ್ಮ ರಾಜ್ಯದಲ್ಲಿ ಬಹಿರಂಗವಾಗಿಯೇ ಪ್ರಕಟಿಸಿದರು. ಎಷ್ಟೋ ಊರುಗಳಲ್ಲಿ ಮನೆಗಳ ಬಾಗಿಲಿಗೆ ಚೀಟಿ ಅಂಟಿಸಿದರು. ಹಾಲಿನವನು ನಿಂತುಹೋದನು, ನೆರೆಯವರು ಕಿಟಕಿ ಮುಚ್ಚಿದರು. ಸೂಕ್ತ ಅಧಿಕಾರಿಯ ನಿರ್ದಿಷ್ಟ ಆಜ್ಞೆಯಿಲ್ಲದೆ ಹಾಗೆ ಚೀಟಿ ಅಂಟಿಸಕೂಡದೆಂದು ಸುಪ್ರೀಂ ಕೋರ್ಟು ಡಿಸೆಂಬರಿನಲ್ಲಿ ಹೇಳುವ ಹೊತ್ತಿಗೆ, ಜ್ವರ ಬಂದರೂ ಬಾಯಿಬಿಡದಿರುವುದನ್ನು ಜನರು ಕಲಿತಾಗಿತ್ತು.

ಆ ಉಪಾಧ್ಯಾಯಿನಿ ಈಗ ಗುಣವಾಗಿರುವಳು. ಈ ಲೇಖನವನ್ನು ಬರೆಯುವ ಮುಂಚೆ ನಾವು ಆಕೆಯ ಅನುಮತಿಯನ್ನು ಕೇಳಿದೆವು. "ಬರೆಯಿರಿ ಚಿಕ್ಕಮ್ಮ, ಆದರೆ ಅಚ್ಚಿಗೆ ಹೋಗುವ ಮುಂಚೆ ನನಗೊಮ್ಮೆ ತೋರಿಸಿರಿ" ಎಂದಳು. ತೋರಿಸಿದೆವು. ಊರಿನ ಹೆಸರನ್ನೂ ದವಾಖಾನೆಯ ಹೆಸರನ್ನೂ ನಾವು ಮೊದಲೇ ಬಿಟ್ಟಿದ್ದೆವು. ಆಕೆ ನಿಧಾನವಾಗಿ ಓದಿ, ನಾವು ಬಹಳ ಚೆನ್ನಾಗಿ ಬರೆದಿರುವೆವೆಂದು ತಿಳಿದುಕೊಂಡಿದ್ದ ಎರಡು ವಾಕ್ಯಗಳನ್ನು ಪೆನ್ಸಿಲಿನಿಂದ ಹೊಡೆದುಹಾಕಿದಳು. ಏಕೆಂದು ನಾವು ಕೇಳಲಿಲ್ಲ. ಅವು ಇಲ್ಲಿ ಇಲ್ಲ.